ರಾತ್ರಿ ಕಾರು ನಿಲ್ಲುವ ಜಾಗ

ತಮ್ಮ: ನಮ್ಮ ಕಾರಿಗೆ ಬರೋ ವರ್ಷ ಹದಿನೈದು ತುಂಬುತ್ತೆ ಅಕ್ಕ. ಎಫ್‌ಸಿ ಮಾಡಿಸಿ ಇನ್ನೈದು ವರ್ಷ ಓಡಿಸೋದೋ, ಮಾರಿ ಎಲೆಕ್ಟ್ರಿಕ್ ಕಾರು ತಗೊಳ್ಳೋದೋ ಅಂತ ಮನೇಲಿ ದಿನಾ ಇದೇ ಮಾತು. ಷೋರೂಮಿಗೆ ಹೋದ್ರೆ ಇವತ್ತೇ ತಗೋಬೇಕು ಅನ್ಸುತ್ತೆ, ಹೊರಗೆ ಬಂದು ನಾಲ್ಕು ಜನರನ್ನ ಕೇಳಿದ್ರೆ ಬೇಡವೇ ಬೇಡ ಅನ್ಸುತ್ತೆ. ನೀನು ಕೆಇಬಿ ಕಾಲದಿಂದ ನಿವೃತ್ತಿವರೆಗೂ ಕರೆಂಟಿನ ಕೆಲಸಾನೇ ಮಾಡಿದವಳು. ಏನು ಹೇಳ್ತೀಯ?

ಅಕ್ಕ: ಯಾವ ಕಾರು ಅನ್ನೋದು ಆಮೇಲೆ. ರಾತ್ರಿ ಅದು ಎಲ್ಲಿ ನಿಲ್ಲುತ್ತೆ?

ತಮ್ಮ: ಎಲ್ಲಿ ಅಂದ್ರೆ? ಮನೆ ಕಾಂಪೌಂಡಿನೊಳಗೆ, ಪೋರ್ಟಿಕೋದಲ್ಲಿ.

ಅಕ್ಕ: ಮನೆ ಸ್ವಂತದ್ದು, ಪೋರ್ಟಿಕೋ ಇದೆ, ಮೀಟರ್ ಬೋರ್ಡು ಅಲ್ಲೇ ಪಕ್ಕದಲ್ಲಿ. ಹಾಗಿದ್ರೆ ಅರ್ಧ ಪ್ರಶ್ನೆ ಮುಗೀತು. ಪೆಟ್ರೋಲ್ ಬಂಕು ಊರಿಗೆಲ್ಲ ಸೇರಿದ್ದು, ಕಾರನ್ನ ರಾತ್ರಿ ಬೀದೀಲಿ ನಿಲ್ಲಿಸಿದವನಿಗೂ ಅದು ಅಷ್ಟೇ ಹತ್ತಿರ. ಎಲೆಕ್ಟ್ರಿಕ್ ಕಾರಿನ ಬಂಕು ಮನೆ ಗೋಡೇಲಿರೋ ಸಾಕೆಟ್ಟು. ಆ ಗೋಡೆ ಇದ್ದವನಿಗೆ ಒಂದು ಖರ್ಚು, ಇಲ್ಲದವನಿಗೆ ಇನ್ನೊಂದು. ಒಂದೇ ಕಂಪನಿಯ ಒಂದೇ ಕಾರು ಇಬ್ಬರ ಕೈಯಲ್ಲಿ ಎರಡು ಬೇರೆ ವಾಹನ ಆಗಿಬಿಡುತ್ತೆ. ಎಲ್ರೂ ಮೊದಲು ರೇಂಜ್ ಕೇಳ್ತಾರೆ. ನಾನು ಮೊದಲು ಗೋಡೆ ಕೇಳ್ತೀನಿ.

ತಮ್ಮ: ಆದ್ರೆ ರೇಂಜೇ ಅಲ್ವಾ ಭಯ? ದಿನಾ ಚನ್ನರಾಯಪಟ್ಟಣದ ಕಾಲೇಜಿಗೆ ಹೋಗಿ ಬರಬೇಕು. ಹಬ್ಬಕ್ಕೆ, ಮದುವೆಗೆ ಮಂಗಳೂರಿನ ಮಾವನ ಮನೆ. ಮಧ್ಯೆ ಶಿರಾಡಿ.

ಅಕ್ಕ: ಹಾಸನದಿಂದ ಚನ್ನರಾಯಪಟ್ಟಣ ಹೋಗಿ ಬರೋದು ಎಂಬತ್ತು ಕಿಲೋಮೀಟರ್ ಒಳಗೆ. 40 ಯೂನಿಟ್ ಹಿಡಿಯೋ ಬ್ಯಾಟರಿಗೆ ಅದು ಮೂರನೇ ಒಂದು ಭಾಗದ ಕೆಲಸ. ಕಂಪನಿ ಹೇಳೋ ರೇಂಜು ಪರೀಕ್ಷಾ ಕೇಂದ್ರದಲ್ಲಿ ಅಳೆದದ್ದು, ರಸ್ತೆಯಲ್ಲಿ ಅದರ ಮೂರನೇ ಎರಡು ಭಾಗ ಸಿಗುತ್ತೆ ಅಂತ ಇಟ್ಕೋ. ವೇಗ ಹೆಚ್ಚಿದಷ್ಟೂ ಅದೂ ಕಡಿಮೆ ಆಗುತ್ತೆ. ಎಂಬತ್ತರಲ್ಲಿ ಹೋಗ್ತಿದ್ದವನು ನೂರಕ್ಕೆ ಏರಿಸಿದ್ರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತೆ. ಪೆಟ್ರೋಲ್ ಕಾರಿಗೂ ಇದೇ ನಿಯಮ. ಆದ್ರೆ ಅಲ್ಲಿ ಎಂಜಿನ್ನೇ ಮುಕ್ಕಾಲು ಭಾಗ ಇಂಧನವನ್ನ ಬಿಸಿಯಾಗಿ ಚೆಲ್ಲಿಬಿಡೋದ್ರಿಂದ ಗಾಳಿ ತಿಂದದ್ದು ಅಷ್ಟಾಗಿ ಗೊತ್ತಾಗಲ್ಲ. ಇಲ್ಲಿ ಮೋಟಾರು ಹೆಚ್ಚೇನೂ ಚೆಲ್ಲಲ್ಲ, ಅದಕ್ಕೆ ವೇಗದ ಬೆಲೆ ಮೀಟರ್ ಮೇಲೆ ಕಾಣುತ್ತೆ.

ತಮ್ಮ: ಘಾಟಿ?

ಅಕ್ಕ: ಘಾಟಿಯ ಲೆಕ್ಕ ಹಾಕೋಣ, ಬರೀ ಭಯಪಡೋದು ಬೇಡ. ಕಾರು, ಜನ ಎಲ್ಲ ಸೇರಿ 1,600 ಕಿಲೋ. ಮಂಗಳೂರು ಸಮುದ್ರದ ಮಟ್ಟ, ಹಾಸನ ಅಲ್ಲಿಂದ 900 ಮೀಟರಿಗೂ ಮೇಲೆ. ಅಷ್ಟು ತೂಕವನ್ನ ಅಷ್ಟು ಎತ್ತರಕ್ಕೆ ಎತ್ತೋದಕ್ಕೆ ಬೇಕಾಗೋ ಶಕ್ತಿ ಸುಮಾರು 4 ಯೂನಿಟ್. ಅಷ್ಟೇ. ಸಮತಟ್ಟು ರಸ್ತೆಯಲ್ಲಿ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಓಡಿಸೋ ಶಕ್ತಿ. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ತಿರುಗುತ್ತೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತೆ, ಬ್ರೇಕ್ ಲೈನರೂ ಉಳಿಯುತ್ತೆ. ಆದ್ರೆ ಒಂದು ವಿಷಯ ನೆನಪಿಟ್ಕೋ. ಸಕಲೇಶಪುರದಲ್ಲಿ ನಿಲ್ಲಿಸಿ ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿಯೋದಕ್ಕೆ ಶುರು ಮಾಡಿದ್ರೆ, ಇಳಿಜಾರು ಕೊಡೋ ಕರೆಂಟನ್ನ ಇಟ್ಟುಕೊಳ್ಳೋಕೆ ಬ್ಯಾಟರಿಯಲ್ಲಿ ಜಾಗವೇ ಇರಲ್ಲ. ಆಗ ಮೋಟಾರಿನ ಹಿಡಿತ ಸಿಗಲ್ಲ, ಕಾಲಿನ ಬ್ರೇಕ್ ಮೇಲೇ ಬರಬೇಕು. ಇಳಿಯೋ ಮುಂಚೆ ಸ್ವಲ್ಪ ಖಾಲಿ ಇರಲಿ.

ತಮ್ಮ: ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟೀಲಿ ಗಂಟೆಗಟ್ಟಲೆ ನಿಂತುಬಿಟ್ರೆ? ಪ್ರತಿ ವರ್ಷ ನೋಡ್ತಿದ್ದೀವಲ್ಲ.

ಅಕ್ಕ: ನಿಂತ ಕಾರಿನಲ್ಲಿ ಎಂಜಿನ್ ಓಡ್ತಾ ಇರಬೇಕಾಗಿಲ್ಲ. ಎಸಿ ಹಾಕ್ಕೊಂಡು ಕೂತ್ರೂ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಶಿರಾಡಿ ಮುಚ್ಚಿದಾರೆ, ಚಾರ್ಮಾಡಿ ಸುತ್ತಿ ಹೋಗಿ ಅಂತ ಪೊಲೀಸರು ತಿರುಗಿಸ್ತಾರಲ್ಲ, ಅದಕ್ಕೆ ತಯಾರಾಗಿರಬೇಕು. ಆಷಾಢ, ಶ್ರಾವಣದಲ್ಲಿ ಕಾಲು ಭಾಗ ಚಾರ್ಜ್ ಕೈಯಲ್ಲಿ ಉಳಿಸಿಕೊಂಡೇ ಘಾಟಿಗೆ ಇಳಿ. ಮಂಗಳೂರಿನಲ್ಲಿ ನಿಮ್ಮ ಮಾವನ ಮನೆ ಶೆಡ್ಡಿನಲ್ಲಿ 15 ಆಂಪ್ ಪಾಯಿಂಟ್ ಇದೆಯಾ ಕೇಳು. ಒಂದು ರಾತ್ರಿ ಅಲ್ಲಿ ಚುಚ್ಚಿದ್ರೆ ವಾಪಸ್ ಹತ್ತಿ ಬರೋದಕ್ಕೆ ಧಾರಾಳ.

ತಮ್ಮ: ಇದ್ದ 15 ಆಂಪ್ ಸಾಕೆಟ್ಟೇ ಸಾಕಾ? ಷೋರೂಮಿನವರು ಗೋಡೆಗೆ ದೊಡ್ಡ ಚಾರ್ಜರ್ ಹಾಕಿಸಿ ಅಂದ್ರು.

ಅಕ್ಕ: ನಿನ್ನ ಓಡಾಟಕ್ಕೆ ಸಾಕು. 15 ಆಂಪ್ ಪಾಯಿಂಟ್‌ನಿಂದ 3.3 ಕಿಲೋವ್ಯಾಟ್ ಸಿಗುತ್ತೆ. ದಿನಕ್ಕೆ ನಿನಗೆ ಬೇಕಾಗೋದು ಹನ್ನೆರಡು ಹದಿಮೂರು ಯೂನಿಟ್, ನಾಲ್ಕು ಗಂಟೆಯಲ್ಲಿ ಮುಗಿಯುತ್ತೆ. 7.2 ಕಿಲೋವ್ಯಾಟಿನ ವಾಲ್ ಬಾಕ್ಸ್ ಬೇಕಾಗೋದು ದಿನಾ ದೂರ ಹೋಗೋರಿಗೆ. ಆದ್ರೆ ಈಗ ಹೇಳೋದನ್ನ ಸರಿಯಾಗಿ ಕೇಳ್ಕೋ, ಯಾಕಂದ್ರೆ ಇದನ್ನ ಕಾರು ಮಾರೋರು ಹೇಳಲ್ಲ. ಅಪ್ಪ ಕಟ್ಟಿಸಿದ ಮನೆ ಅದು. ಅವತ್ತು ಮಂಜೂರು ಮಾಡಿಸಿದ ಲೋಡು ಎಷ್ಟು ಅಂತ ಕರೆಂಟ್ ಬಿಲ್ಲಿನಲ್ಲೇ ಬರೆದಿರುತ್ತೆ. ಎರಡು ಕಿಲೋವ್ಯಾಟೋ ಮೂರೋ ಇರಬೇಕು. ಗೀಸರು, ಬೋರಿನ ಮೋಟಾರು, ಅದರ ಮೇಲೆ ನಾಲ್ಕು ಗಂಟೆ ಒಂದೇ ಸಮ ಎಳೆಯೋ ಕಾರು. ಗೀಸರ್ ಕಾಲು ಗಂಟೆ ಎಳೆದು ಸುಮ್ಮನಾಗುತ್ತೆ, ಕಾರು ಆಗಲ್ಲ. ಹಳೇ ವೈರು, ಸಡಿಲ ಆದ ಸಾಕೆಟ್ಟು ಬಿಸಿಯಾಗೋದು ಇಂಥಾ ಕಡೆಯೇ. ಸೆಸ್ಕ್ ಸೆಕ್ಷನ್ ಆಫೀಸಿನಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡು. ಮೀಟರ್ ಬೋರ್ಡಿನಿಂದ ಪೋರ್ಟಿಕೋಗೆ 4 ಸ್ಕ್ವೇರ್ ಎಂಎಂ ವೈರಿನ ಬೇರೆ ಲೈನು ಎಳೆಸು, ಅದಕ್ಕೇ ಒಂದು ಎಂಸಿಬಿ, ಒಂದು ಆರ್‌ಸಿಸಿಬಿ. ಅರ್ಥಿಂಗ್ ಹೊಸದಾಗಿ ಮಾಡಿಸು. ಹಳೇ ಗುಂಡಿಯ ಉಪ್ಪು ಯಾವತ್ತೋ ಕರಗಿಹೋಗಿರುತ್ತೆ. ಅರ್ಥಿಂಗ್ ಸರಿಯಿಲ್ಲದಿದ್ರೆ ಎಷ್ಟೋ ಚಾರ್ಜರುಗಳು ಶುರುವೇ ಆಗಲ್ಲ. ಕಾರು ಕೆಟ್ಟಿದೆ ಅಂತ ಜನ ಷೋರೂಮಿಗೆ ಫೋನ್ ಮಾಡ್ತಾರೆ, ದೋಷ ಹಿತ್ತಲಿನ ಗುಂಡಿಯಲ್ಲಿರುತ್ತೆ.

ತಮ್ಮ: ಬಿಲ್ಲು ಅಂದೆಯಲ್ಲ, ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರ್ತಿದೆ. ಕಾರು ಬಂದ ಮೇಲೆ?

ಅಕ್ಕ: ಅದನ್ನ ನೀನೇ ಕೇಳಿದ್ದು ಒಳ್ಳೇದಾಯ್ತು. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆ ಹಿಡಿದು ಅದಕ್ಕೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದ್ರು. ಆ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದ್ರೆ ಪೂರ್ತಿ ಬಿಲ್ಲೇ ಕಟ್ಟಬೇಕು. ನಿನ್ನ ಕಾರು ಒಂದೇ ತಿಂಗಳಿಗೆ 250 ಯೂನಿಟ್ ಕುಡಿಯುತ್ತೆ. ಹಾಗಾಗಿ ಬೇರೆ ಮೀಟರ್ ಹಾಕಿಸೋ ದಾರಿ ನೋಡು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂತು, ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳೋ ಹಕ್ಕು ಗ್ರಾಹಕನಿಗೆ ಇದೆ. ಮನೆಯ ಬಳಕೆ ಮನೆಯ ಮೀಟರಿನಲ್ಲಿ, ಕಾರಿನದು ಕಾರಿನ ಮೀಟರಿನಲ್ಲಿ. ಬಡವರ ಮನೆ ದೀಪಕ್ಕೆ ಅಂತ ಇಟ್ಟ ದುಡ್ಡಲ್ಲಿ ಕಾರು ಓಡಿಸೋದು ನನಗೂ ಒಪ್ಪಿಗೆ ಇಲ್ಲ.

ತಮ್ಮ: ಸರಿ, ಈಗ ದುಡ್ಡು. ಅಷ್ಟೇ ದೊಡ್ಡ ಪೆಟ್ರೋಲ್ ಕಾರಿಗಿಂತ ನಾಲ್ಕೈದು ಲಕ್ಷ ಜಾಸ್ತಿ ಹೇಳ್ತಿದಾರೆ. 2025ರ ಸೆಪ್ಟೆಂಬರಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಅಂತರ ಇನ್ನೂ ಹೆಚ್ಚಿದೆ. ಎಲೆಕ್ಟ್ರಿಕ್ ಕಾರಿಗೆ 2019ರಿಂದ 5 ಇದ್ದದ್ದು 5ರಲ್ಲೇ ಇದೆ.

ಅಕ್ಕ: ನೀನು ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಮೀರಿ ಓಡಿಸ್ತೀಯ. ಲೀಟರಿಗೆ ಹದಿನೈದು ಕೊಟ್ರೆ ನೂರು ಲೀಟರ್, ಹತ್ತು ಸಾವಿರ ರೂಪಾಯಿ ದಾಟುತ್ತೆ. ಮನೆಯ ಕರೆಂಟಿನಲ್ಲಿ ಅದೇ ದೂರಕ್ಕೆ 250 ಯೂನಿಟ್, ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಅಂತ ಹಿಡಿದ್ರೂ ಎರಡು ಸಾವಿರದ ಒಳಗೆ. ವರ್ಷಕ್ಕೆ ಲಕ್ಷದ ಹತ್ತಿರ ಉಳಿಯುತ್ತೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಟೈರು ಮಾತ್ರ ಬೇಗ ಸವೆಯುತ್ತೆ, ತೂಕ ಜಾಸ್ತಿ. ನಾಲ್ಕೈದು ವರ್ಷದಲ್ಲಿ ಹೆಚ್ಚು ಕೊಟ್ಟದ್ದು ಬಂದುಬಿಡುತ್ತೆ. ಇನ್ನು ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಪೂರ್ತಿ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ 10 ಹಾಕಿದ್ರು. ಈ ದರಗಳು ಬದಲಾಗ್ತಾನೇ ಇರುತ್ವೆ. ಮುಂಗಡ ಕೊಡೋ ಮುಂಚೆ ಆರ್‌ಟಿಓ ಆಫೀಸಿನಲ್ಲಿ ಆವತ್ತಿನ ದರ ಕೇಳು.

ತಮ್ಮ: ನಾಲ್ಕೈದು ವರ್ಷ ಆದ ಮೇಲೆ ಬ್ಯಾಟರಿ ಹೋಗಿಬಿಟ್ರೆ ಎಲ್ಲಾ ಲೆಕ್ಕವೂ ತಲೆಕೆಳಗಾಗುತ್ತೆ.

ಅಕ್ಕ: ಮೊಬೈಲ್ ಬ್ಯಾಟರಿ ನೋಡಿ ಹೆದರಬೇಡ. ಕಾರಿನದಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತೆ. ನಿನ್ನ ಓಡಾಟಕ್ಕೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತೆ. ಷೋರೂಮಿನಲ್ಲಿ ನೀನು ಕೇಳಬೇಕಾದ ಒಂದು ಪ್ರಶ್ನೆ ಇದೆ: ಸೆಲ್ಲು ಎಲ್‌ಎಫ್‌ಪಿ ಹೌದಾ? ಅಂದ್ರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ನಮ್ಮ ಬಿಸಿಲನ್ನ ಅದು ಚೆನ್ನಾಗಿ ತಡೆಯುತ್ತೆ, ಬೇಗ ಬೆಂಕಿ ಹಿಡಿಯಲ್ಲ, ಕೋಬಾಲ್ಟ್ ಬೇಕಾಗಲ್ಲ. ಸ್ವಲ್ಪ ತೂಕ ಜಾಸ್ತಿ, ಅದು ಕೊರತೆ. ಈ ಸೆಲ್ಲಿನ ಬಗ್ಗೆ ಜಗತ್ತಿಗೆ ಹೇಳಿದ್ದು 1997ರ ಒಂದು ಸಂಶೋಧನಾ ಪ್ರಬಂಧ, ಟೆಕ್ಸಾಸ್ ವಿಶ್ವವಿದ್ಯಾಲಯದ್ದು. ಬರೆದವರು ಮೂರು ಜನ: ಪಾಡಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕೆ 2019ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು, 97ನೇ ವಯಸ್ಸಿನಲ್ಲಿ. ಆ ಪ್ರಬಂಧದ ಮೇಲಿನ ಉಳಿದೆರಡು ಹೆಸರುಗಳನ್ನೂ ನಮ್ಮ ಮಕ್ಕಳಿಗೆ ಪಾಠದಲ್ಲಿ ಹೇಳಬೇಕು ಅಂತ ನನ್ನ ಆಸೆ.

ತಮ್ಮ: ಮಾರೋದಕ್ಕೆ ಹೋದ್ರೆ ಬೆಲೆ ಬರಲ್ಲ ಅಂತಾರಲ್ಲ?

ಅಕ್ಕ: ನಿಜ. ಹಾಗಾಗಿ ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸೋರು ತಗೋಬಾರದು. ನೀನು ಒಂದನ್ನ ಹದಿನೈದು ವರ್ಷ ಇಟ್ಟುಕೊಂಡವನು. ನಿನ್ನಂಥವರಿಗೆ ಸರಿ.

ತಮ್ಮ: ಇಷ್ಟು ಹೊತ್ತು ನೀನು ಹೇಳಿದ್ದೆಲ್ಲ ನನ್ನ ಜೇಬಿನ ಲೆಕ್ಕ. ನನಗೆ ನಿಜವಾಗಿ ಬೇಕಾಗಿದ್ದು ಇನ್ನೊಂದು. ಕಾಲೇಜಿನಲ್ಲಿ ಮಕ್ಕಳು ಕೇಳ್ತಾರೆ: ಸರ್, ಆ ಕರೆಂಟು ಬರೋದು ಕಲ್ಲಿದ್ದಲಿಂದ ಅಲ್ವಾ, ಹೊಗೆ ಹಾಸನದಲ್ಲಿ ಬಿಡೋ ಬದಲು ರಾಯಚೂರಿನಲ್ಲಿ ಬಿಟ್ಟಂಗೆ ಆಯ್ತಲ್ವಾ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಲ್ಲಿ ಶರಾವತಿ ಇದೆ, ಪಾವಗಡದ ಸೋಲಾರ್ ಇದೆ ಅಂತ ಹೇಳಿ ಸುಮ್ಮನಾದೆ.

ಅಕ್ಕ: ಆ ಉತ್ತರ ಪೂರ್ತಿ ಸರಿಯಲ್ಲ ಕಣೋ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಇದೆ, ಪಾವಗಡದಲ್ಲಿ 2,050 ಇದೆ, ರಾಯಚೂರಿನ ಕಲ್ಲಿದ್ದಲು ಕೇಂದ್ರದಲ್ಲಿ 1,720 ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ಯಾವ ನೀರು ಯಾವ ಯಂತ್ರ ತಿರುಗಿಸ್ತು ಅಂತ ಹೇಳಬಹುದಿತ್ತು, ಯಾಕಂದ್ರೆ ಒಂದೇ ಲೈನು. ಈಗ ಹಾಗಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ 765 ಕೆವಿ ಲೈನು ಚಾಲೂ ಆಗಿ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಸೇರಿಕೊಂಡಿತು. ನಾಲ್ಕು ಹಳ್ಳದ ನೀರು ಬಂದು ಕೆರೆ ಸೇರಿದ ಮೇಲೆ ನಿನ್ನ ಕೊಡದಲ್ಲಿರೋದು ಯಾವ ಹಳ್ಳದ್ದು ಅಂತ ಹೇಳೋಕಾಗಲ್ಲ. ಹಾಗಾಗಿ ದೇಶದ ಸರಾಸರಿ ಹಿಡಿಯೋಣ. ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ನಿನ್ನ ಕಾರು ಕಿಲೋಮೀಟರಿಗೆ ಆರನೇ ಒಂದು ಯೂನಿಟ್ ತಿಂದ್ರೆ 120 ಗ್ರಾಂ ಆಸುಪಾಸು. ಪೆಟ್ರೋಲ್ ಒಂದು ಲೀಟರ್ ಉರಿದ್ರೆ 2.3 ಕಿಲೋ, ಹದಿನೈದು ಮೈಲೇಜಿಗೆ ಕಿಲೋಮೀಟರಿಗೆ 150 ಗ್ರಾಂ ದಾಟುತ್ತೆ. ಅದರ ಮೇಲೆ ಎಣ್ಣೆ ತೆಗೆದು, ಶುದ್ಧ ಮಾಡಿ, ಬಂಕಿಗೆ ತರೋದರ ಹೊಗೆ. ಎಲ್ಲ ಸೇರಿಸಿದ್ರೆ ಎಲೆಕ್ಟ್ರಿಕ್ಕಿನದು ಮೂರನೇ ಒಂದು ಭಾಗದಷ್ಟು ಕಡಿಮೆ.

ತಮ್ಮ: ಬರೀ ಮೂರನೇ ಒಂದು ಭಾಗ? ಬ್ಯಾಟರಿ ಮಾಡೋದರ ಹೊಗೆ?

ಅಕ್ಕ: ಅದೂ ಇದೆ. 40 ಯೂನಿಟ್ಟಿನ ಬ್ಯಾಟರಿ ಮಾಡೋಕೆ ಕೆಲವು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಲಿಥಿಯಂ ಹೊರದೇಶಗಳ ನೆಲದಿಂದ ಬರುತ್ತೆ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಸಿಕ್ಕಿದೆ ಅಂತ ಸುದ್ದಿಯಾಯ್ತಲ್ಲ, ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್, ಅದರಿಂದ ದೇಶ ನಡೆಯಲ್ಲ. ಹೀಗಿರುವಾಗ ಎರಡು ಮಾತು ಹೇಳ್ತೀನಿ, ಮಕ್ಕಳಿಗೂ ಹೇಳು. ನೀನು ಇವತ್ತು ತಗೊಳ್ಳೋ ಪೆಟ್ರೋಲ್ ಕಾರು ಹತ್ತು ವರ್ಷ ಆದ ಮೇಲೂ ಲೀಟರಿಗೆ ಅದೇ 2.3 ಕಿಲೋ ಬಿಡುತ್ತೆ. ಕರೆಂಟಿನ ಕಾರು ಹಾಗಲ್ಲ, ಜಾಲಕ್ಕೆ ಗಾಳಿ, ಬಿಸಿಲಿನ ಕರೆಂಟು ಹೆಚ್ಚು ಸೇರಿದಷ್ಟೂ ಅದೇ ಹಳೇ ಕಾರು ಹೆಚ್ಚು ಶುದ್ಧ ಆಗ್ತಾ ಹೋಗುತ್ತೆ. ಎರಡನೇದು ಹೊತ್ತಿನ ವಿಷಯ. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ರಾಜ್ಯದಲ್ಲಿ ಸೋಲಾರ್ ಕರೆಂಟು ಹರೀತಿರುತ್ತೆ. ಸಂಜೆ ಏಳಕ್ಕೆ ಸೂರ್ಯ ಇಲ್ಲ, ಪ್ರತಿ ಮನೇಲೂ ದೀಪ, ಟಿವಿ, ಮಿಕ್ಸಿ. ಆ ಹೊತ್ತಿನಲ್ಲಿ ನೀನೂ ಮನೆಗೆ ಬಂದ ತಕ್ಷಣ ಕಾರು ಚುಚ್ಚಿದ್ರೆ ಆ ಹೆಚ್ಚಿನ ಲೋಡಿಗೆ ಕಲ್ಲಿದ್ದಲು ಇಲ್ಲಾ ಜಲಾಶಯದ ನೀರು, ಎರಡರಲ್ಲಿ ಒಂದು ಖರ್ಚಾಗಲೇಬೇಕು. ಟೈಮರ್ ಹಾಕಿ ಹನ್ನೊಂದರ ಮೇಲೆ ಶುರುವಾಗೋ ಹಾಗೆ ಮಾಡು. ಭಾನುವಾರ ಮಧ್ಯಾಹ್ನವೇ ತುಂಬಿಸು. ಕಾಲೇಜಿನ ಮೇಲೆ ಸೋಲಾರ್ ಪ್ಯಾನೆಲ್ ಇದ್ರೆ ಪ್ರಾಂಶುಪಾಲರನ್ನ ಕೇಳಿ ಅಲ್ಲೊಂದು ಪಾಯಿಂಟ್ ಹಾಕಿಸು. ಕಾರು ಹಗಲೆಲ್ಲ ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿರುತ್ತಲ್ಲ.

ತಮ್ಮ: ಸಂಜೆ ಏಳಕ್ಕೆ ಒಬ್ಬ ಚುಚ್ಚಿದ್ರೆ ಏನಾಗಿಬಿಡುತ್ತೆ?

ಅಕ್ಕ: ಒಬ್ಬ ಚುಚ್ಚಿದ್ರೆ ಏನೂ ಆಗಲ್ಲ. ನಿಮ್ಮ ಬೀದಿಯ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, 100 ಕೆವಿಎದು ಅಂತ ಇಟ್ಕೋ. ಅದರ ಮೇಲೆ ಐವತ್ತು ಅರವತ್ತು ಮನೆ. ಇಪ್ಪತ್ತು ಮನೆಗೆ ಕಾರು ಬಂದು ಇಪ್ಪತ್ತೂ ಏಳು ಗಂಟೆಗೆ ಶುರುವಾದ್ರೆ ಬರೀ ಕಾರಿನದೇ 66 ಕಿಲೋವ್ಯಾಟ್. ಆ ಟಿಸಿ ಬೇಸಿಗೆ ತಡ್ಕೊಳ್ಳಲ್ಲ. ಕತ್ತಲೆಯಲ್ಲಿ ಕಂಬ ಹತ್ತಬೇಕಾದವನು ಲೈನ್‌ಮ್ಯಾನ್. ಅವರ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ದೀನಿ. ಅದಕ್ಕೇ ಟೈಮರ್ ಹಾಕು ಅಂತ ಅಷ್ಟು ಒತ್ತಿ ಹೇಳಿದ್ದು.

ತಮ್ಮ: ಅಂದ್ರೆ ನಾನು ತಗೋಬೇಕು.

ಅಕ್ಕ: ತಗೋ. ಮೊದಲು ಲೋಡು, ಅರ್ಥಿಂಗು, ಮೀಟರು. ಅವು ಮುಗಿದ ಮೇಲೆ ಮುಂಗಡ.

ತಮ್ಮ: ನಿನ್ನ ಕಾರೂ ಹಳೇದಾಯ್ತು. 2001ರಲ್ಲಿ ಬೆಂಗಳೂರಿನ ರಸ್ತೆಗೆ ರೇವಾ ಬಂದಾಗ ನಮ್ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ನೋಡಿ ಬಂದವಳು ನೀನು. ಲೆಡ್ ಬ್ಯಾಟರಿ, ಎಂಬತ್ತು ಕಿಲೋಮೀಟರ್, ಎರಡು ಬಾಗಿಲು. ಬೆಂಗಳೂರಿನಲ್ಲಿ ಮಾಡಿದ ಕಾರು ಲಂಡನ್ನಿನಲ್ಲಿ ಓಡ್ತಿದೆ ಅಂತ ಪತ್ರಿಕೆ ತುಣುಕು ತಂದು ತೋರಿಸಿದ್ದೆ. ಈಗ ನೀನು ಯಾಕೆ ತಗೊಂಡಿಲ್ಲ?

ಅಕ್ಕ: ನನಗೆ ಗೋಡೆ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಹಳದಿ ಗೆರೆ ನನ್ನವು, ಪಕ್ಕದ ಕಂಬ ಅಸೋಸಿಯೇಷನ್ನಿನದು. ಚಾರ್ಜಿಂಗ್ ಪಾಯಿಂಟಿಗೆ ಅರ್ಜಿ ಕೊಟ್ರೆ ಬೆಂಕಿ ಅನಾಹುತ ಆಗುತ್ತೆ ಅಂತ ವಾಪಸ್ ಕಳಿಸಿದ್ರು. ಇನ್ನು ನನ್ನ ಓಡಾಟ: ತಿಂಗಳಿಗೆ ಮುನ್ನೂರು ಕಿಲೋಮೀಟರ್ ಇದ್ದೀತು. ಉಳಿದದ್ದು ಮೆಟ್ರೋ, ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಮನೆಯ ಎರಡು ಮೂರು ಪಟ್ಟು. ತಿಂಗಳಿಗೆ ಸಾವಿರ ಚಿಲ್ಲರೆ ಉಳಿಸೋದಕ್ಕೆ ನಾಲ್ಕು ಲಕ್ಷ ಹೆಚ್ಚಿಗೆ ಕೊಟ್ಟರೆ ಇಪ್ಪತ್ತೈದು ವರ್ಷ ಬೇಕು. ಇರೋ ಸಣ್ಣ ಕಾರನ್ನೇ ಚೆನ್ನಾಗಿಟ್ಟುಕೊಂಡು ಕಡಿಮೆ ಓಡಿಸೋದು ನನ್ನ ಮಟ್ಟಿಗೆ ಸರಿ. ಭೂಮಿಗೂ ಅದೇ ಸರಿ, ಹೊಸ ಬ್ಯಾಟರಿ ಮಾಡೋ ಹೊಗೆ ನನ್ನ ಮುನ್ನೂರು ಕಿಲೋಮೀಟರಿಗೆ ಬೇಗ ತೀರಲ್ಲ.

ತಮ್ಮ: ಬೆಂಕಿ ಭಯ ಸುಳ್ಳಾ?

ಅಕ್ಕ: ಸುಳ್ಳು ಅಂತ ಹೇಳಲ್ಲ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಉರಿದವು, ಜನ ಸತ್ತರು. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಭಯ ಇದ್ರೆ ಸರಿಯಾದ ವೈರಿಂಗ್ ಮಾಡಿಸಬೇಕು, ಹೊಗೆ ಪತ್ತೆ ಮಾಡೋ ಸಾಧನ ಹಾಕಿಸಬೇಕು, ಪಾಯಿಂಟುಗಳನ್ನ ಬೇಸ್‌ಮೆಂಟಿನ ಬಾಗಿಲ ಹತ್ತಿರ ಇಡಬೇಕು. ಪಾಯಿಂಟನ್ನೇ ಕೊಡದಿದ್ರೆ ಜನ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಡ್ತಾರೆ, ಬೆಂಕಿ ಹತ್ತೋದು ಅಲ್ಲಿ. ನಮ್ಮ ಮೂರನೇ ಮಹಡಿಯಲ್ಲಿ ಬಾಡಿಗೆಗಿರೋ ಹುಡುಗಿಯೊಬ್ಬಳು ಸ್ಕೂಟರ್ ಬ್ಯಾಟರಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಮೇಲೆ ಹೋಗ್ತಾಳೆ, ರಾತ್ರಿ ಮಲಗೋ ಕೋಣೇಲಿ ಚಾರ್ಜಿಗೆ ಹಾಕ್ತಾಳೆ. ಬಾಡಿಗೆಯವಳಾದ್ದರಿಂದ ಸಭೆಯಲ್ಲಿ ಅವಳಿಗೆ ಮತ ಇಲ್ಲ. ನನಗಿದೆ. ಅದಕ್ಕೇ ಈ ಸಲ ಸುಮ್ಮನೆ ಕೂರಲ್ಲ.

ತಮ್ಮ: ನಿನಗೆ ಕಾರು ಬೇಡ ಅಂದೆ?

ಅಕ್ಕ: ಕಾರು ಬೇಡ, ಪಾಯಿಂಟ್ ಬೇಕು. ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಸ್ವಂತ ಪೋರ್ಟಿಕೋ ಇದೆ ಹೇಳು? ಕಾಂಪೌಂಡು ಇರೋರಿಗೆ ಮಾತ್ರ ಅಗ್ಗದ ಕರೆಂಟು, ಬಾಡಿಗೆ ಮನೆಯವರಿಗೆ ದುಬಾರಿ ಚಾರ್ಜರು ಅಂತ ಆದ್ರೆ ಈ ಬದಲಾವಣೆ ಅರ್ಧ ಊರನ್ನ ಬಿಟ್ಟು ಹೋಗುತ್ತೆ. 2024ರ ನಿಯಮದ ಪ್ರತಿ ತೆಗೆಸಿಟ್ಟಿದ್ದೀನಿ. ಸಭೆಗೆ ನಾನು ಇಡೋದು ಇಷ್ಟು: ಮೊದಲು ಹತ್ತು ಪಾಯಿಂಟು, 33 ಕಿಲೋವ್ಯಾಟ್, ಅದಕ್ಕೇ ಒಂದು ಬೇರೆ ಸಂಪರ್ಕ, ಪ್ರತಿ ಪಾಯಿಂಟಿಗೂ ಸಬ್ ಮೀಟರ್, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಸರದಿ. ಜನರೇಟರಿಗೆ ಸೇರಿಸೋದು ಬೇಡ. ಬೆಸ್ಕಾಂ ಠೇವಣಿ, ಕೇಬಲ್ಲು ಎಲ್ಲಾ ಬರೆದು ಮನೆಗೊಂದು ಹಾಳೆ ಹಂಚಿದ್ದೀನಿ, ಬಾಡಿಗೆಯವರ ಮನೆಗೂ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಬೆಂಕಿಯ ಮಾತು ಎತ್ತೋರು ಅಗ್ನಿಶಾಮಕ ಠಾಣೆಯವರನ್ನೇ ಕರೆದು ಕೇಳಲಿ ಅಂತ ನಾನೇ ಮೊದಲು ಹೇಳ್ತೀನಿ.